ಕಲ್ಲಿನ ಬಾಯಲ್ಲಿ ನಮ್ಮ ಮಾತು

ಅಳಿಸಲಾಗದ ಮಾತಿಗೆ ಉರ್ದುವಿನಲ್ಲಿ ‘ಪತ್ಥರ್ ಕೀ ಲಕೀರ್’ ಎನ್ನುತ್ತೇವೆ. ಕನ್ನಡದಲ್ಲಿ ಅದೇ ಭಾವಕ್ಕೆ ‘ಶಿಲಾಶಾಸನ’ ಎಂಬ ಮಾತಿದೆ. ಬಾಯಿಮಾತು ಗಾಳಿಗೆ ಹೋಗುತ್ತದೆ, ಕಾಗದ ಗೆದ್ದಲಿಗೆ ಹೋಗುತ್ತದೆ, ಕಲ್ಲಿನ ಮೇಲಿರುವುದು ಮಾತ್ರ ಉಳಿಯುತ್ತದೆ ಎಂಬ ಭರವಸೆ ಎರಡೂ ಭಾಷೆಗಳಲ್ಲಿದೆ. ವಿಚಿತ್ರವೆಂದರೆ ಇದೇ ಎರಡು ಭಾಷೆಗಳು ಕರುಣೆಯಿಲ್ಲದವನನ್ನು ‘ಸಂಗ್‌ದಿಲ್’ ಎಂದೂ ‘ಕಲ್ಲೆದೆಯವ’ ಎಂದೂ ಬೈಯುತ್ತವೆ. ಕಲ್ಲಿಗೆ ಹೃದಯವಿಲ್ಲ, ಆದರೆ ಅದು ಸುಳ್ಳು ಹೇಳುವುದಿಲ್ಲ. ಬಹುಶಃ ಹೃದಯವಿಲ್ಲದ್ದರಿಂದಲೇ ಹೇಳುವುದಿಲ್ಲ ಎಂದು ನಾವು ನಂಬಿಕೊಂಡು ಬಂದಿದ್ದೇವೆ. ಈ ನಂಬಿಕೆಯ ಮೇಲೆಯೇ ಕಟ್ಟಿದ ಒಂದು ಖಾಸಗಿ ಸಂಗ್ರಹಾಲಯದ ಕಥೆಯಿಂದ ಈ ಬರಹವನ್ನು ಆರಂಭಿಸಬೇಕಾಗಿದೆ.

ದಕ್ಷಿಣ ಅಮೆರಿಕದ ಪೆರು ದೇಶದಲ್ಲಿ ಮರುಭೂಮಿಯ ಅಂಚಿಗೆ ಇಕಾ ಎಂಬ ಪಟ್ಟಣವಿದೆ. ಅಲ್ಲಿ ಹಾವಿಯೆರ್ ಕಬ್ರೆರಾ ಎಂಬ ವೈದ್ಯರಿದ್ದರು. 1966ರಲ್ಲಿ ಗೆಳೆಯರೊಬ್ಬರು ಅವರಿಗೆ ಮೇಜಿನ ಮೇಲಿನ ಕಾಗದ ಹಾರದಂತೆ ಇಡಲು ಒಂದು ಕಲ್ಲನ್ನು ಉಡುಗೊರೆಯಾಗಿ ಕೊಟ್ಟರು. ಅದರ ಮೇಲೆ ಮೀನಿನ ಚಿತ್ರ ಕೆತ್ತಿತ್ತು. ಆ ಮೀನು ಎಂದೋ ಅಳಿದುಹೋದ ಜಾತಿಯದೆಂದು ವೈದ್ಯರಿಗೆ ತೋರಿತು. ಅಲ್ಲಿಂದ ಅವರ ಬದುಕಿನ ದಿಕ್ಕೇ ಬದಲಾಯಿತು. ಇಂಥ ಕಲ್ಲುಗಳನ್ನು ಇಟ್ಟುಕೊಂಡಿದ್ದ ಇಬ್ಬರು ಸಹೋದರರಿಂದ ಮುನ್ನೂರಕ್ಕೂ ಹೆಚ್ಚು ಕಲ್ಲುಗಳನ್ನು ಕೊಂಡರು. ಆಮೇಲೆ ಹತ್ತಿರದ ಒಕುಕಾಹೆ ಎಂಬ ಹಳ್ಳಿಯ ರೈತರು ತಂದುಕೊಟ್ಟದ್ದನ್ನೆಲ್ಲ ಕೊಂಡರು. ಕೊನೆಗೆ ಅವರ ಬಳಿ ಹನ್ನೊಂದು ಸಾವಿರದಷ್ಟು ಕಲ್ಲುಗಳು ಸೇರಿದವು. ಅಂಗೈಯಲ್ಲಿ ಹಿಡಿಸುವಂಥವೂ ಇದ್ದವು, ಇಬ್ಬರು ಸೇರಿ ಎತ್ತಬೇಕಾದಂಥವೂ ಇದ್ದವು.

ಕಲ್ಲುಗಳ ಮೇಲೆ ಏನಿತ್ತು? ಡೈನೋಸಾರಿನ ಬೆನ್ನೇರಿ ಕೊಡಲಿ ಬೀಸುವ ಮನುಷ್ಯ, ದೂರದರ್ಶಕದಲ್ಲಿ ಕಣ್ಣಿಟ್ಟು ಆಕಾಶ ನೋಡುವವನು, ಎಲ್ಲೂ ಇಲ್ಲದ ಭೂಖಂಡಗಳ ನಕಾಶೆ. ಜೊತೆಗೆ ಒಬ್ಬನ ಹೃದಯ ತೆಗೆದು ಇನ್ನೊಬ್ಬನಿಗೆ ಜೋಡಿಸುವ ಶಸ್ತ್ರಚಿಕಿತ್ಸೆ. ಕೊಳ್ಳುವವರು ವೈದ್ಯರು, ಕಲ್ಲುಗಳಲ್ಲಿ ಶಸ್ತ್ರಚಿಕಿತ್ಸೆ! ಈ ಹೊಂದಾಣಿಕೆ ಅವರಿಗೆ ಅನುಮಾನ ಹುಟ್ಟಿಸಲಿಲ್ಲ. ಡೈನೋಸಾರುಗಳು ಅಳಿದು 6.6 ಕೋಟಿ ವರ್ಷಗಳಾದವು. ನಮ್ಮ ಜಾತಿಯ ಮನುಷ್ಯ ಹುಟ್ಟಿ ಹೆಚ್ಚೆಂದರೆ ಮೂರು ಲಕ್ಷ ವರ್ಷ. ಆದರೆ ಕಬ್ರೆರಾ ಅವರ ಪ್ರಕಾರ ಕೋಟ್ಯಂತರ ವರ್ಷಗಳ ಹಿಂದೆ ನಮಗಿಂತ ಬುದ್ಧಿವಂತ ಮಾನವ ಕುಲವೊಂದು ಇತ್ತು, ಅದು ತನ್ನ ವಿದ್ಯೆಯನ್ನೆಲ್ಲ ಕಲ್ಲಿನ ಗ್ರಂಥಾಲಯವಾಗಿ ಬಿಟ್ಟುಹೋಯಿತು, ಆ ಗ್ರಂಥಾಲಯದ ಪಾಲಕ ತಾವು. ಇದ್ದ ಕೆಲಸ ಬಿಟ್ಟರು, ಪುಸ್ತಕ ಬರೆದರು, ಸಂಗ್ರಹವನ್ನು ಜನರಿಗೆ ತೆರೆದರು. 2001ರಲ್ಲಿ ತೀರಿಕೊಳ್ಳುವವರೆಗೂ ಅವರ ನಂಬಿಕೆ ಸಡಿಲಲಿಲ್ಲ.

ಕಲ್ಲುಗಳನ್ನು ತಂದುಕೊಡುತ್ತಿದ್ದವರಲ್ಲಿ ಬಸಿಲಿಯೊ ಉಸ್ಚುಯ ಎಂಬ ಬಡ ರೈತ ಮುಖ್ಯನಾದವನು. ಪುರಾತನ ವಸ್ತುಗಳನ್ನು ಅಗೆದು ಮಾರುವುದು ಆ ದೇಶದ ಕಾನೂನಿನಲ್ಲಿ ಅಪರಾಧ. ಪೊಲೀಸರ ಕಣ್ಣು ಬಿದ್ದಾಗ ಆತ, ಇವು ಪುರಾತನವಲ್ಲ, ಮಾರಿದ ಕಲ್ಲುಗಳನ್ನು ಕೆತ್ತಿದ್ದು ನಾನೇ ಎಂದುಬಿಟ್ಟ. ಚಿತ್ರಗಳಿಗೆ ಮಾದರಿ ಮಕ್ಕಳ ಚಿತ್ರಕಥೆ ಪುಸ್ತಕಗಳು ಮತ್ತು ವಾರಪತ್ರಿಕೆಗಳು. 1977ರಲ್ಲಿ ಬಿಬಿಸಿಯವರ ಕ್ಯಾಮೆರಾದ ಮುಂದೆ ಹಲ್ಲಿನ ಡಾಕ್ಟರು ಬಳಸುವ ಕೊರೆಯುವ ಯಂತ್ರ ಹಿಡಿದು ಒಂದು ಕಲ್ಲನ್ನು ಕೆತ್ತಿಯೂ ತೋರಿಸಿದ. ಹೊಸ ಗೀರು ಹಳತಾಗಿ ಕಾಣಲು ಸೆಗಣಿಯಲ್ಲಿ ಸುಡುತ್ತಿದ್ದನಂತೆ. ಇದಕ್ಕೆ ಯಾವ ಲುಪ್ತ ಮಾನವ ಕುಲದ ವಿದ್ಯೆಯೂ ಬೇಕಿರಲಿಲ್ಲ. ಹೊಲ ಉಳುವುದಕ್ಕಿಂತ ಇದು ಸಲೀಸಾದ ಕೆಲಸ ಎಂದು ಆತ ಬಚ್ಚಿಡದೆ ಹೇಳಿದ. ನಡುವೆ ಒಮ್ಮೆ ಮಾತು ತಿರುಗಿಸಿದ್ದೂ ಉಂಟು. ನಿಜವಾದ ಪುರಾತನ ಎಂದರೆ ಜೈಲು, ನಾನೇ ಕೆತ್ತಿದ್ದು ಎಂದರೆ ಹೊಟ್ಟೆಗೆ ಏಟು. ಇವೆರಡರ ನಡುವೆ ಆತ ಹೇಗೋ ಬಾಳಿದ. ತಮಾಷೆಯೆಂದರೆ, ತಾನೇ ಕೆತ್ತಿದ್ದೆಂದು ಒಪ್ಪಿಕೊಂಡ ಮೇಲೂ ಕೊಳ್ಳುವವರು ಬರುತ್ತಲೇ ಇದ್ದರು. ನಂಬಲು ಬಂದವನಿಗೆ ಕೆತ್ತಿದವನ ತಪ್ಪೊಪ್ಪಿಗೆಯೂ ಅಡ್ಡಿಯಾಗುವುದಿಲ್ಲ. ‘ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು’ ಎನ್ನುವವರು ನಮ್ಮಲ್ಲಿ ಮಾತ್ರ ಇಲ್ಲ ಎಂದಾಯಿತು.

ಈ ಕಥೆಯಲ್ಲಿ ನಮ್ಮನ್ನು ಹೆಚ್ಚು ಕಾಡುವುದು ಇನ್ನೊಂದು ಸಂಗತಿ. ಇಕಾದ ಆ ಮರುಭೂಮಿ ನಿಜವಾದ ಪಳೆಯುಳಿಕೆಗಳ ಭಂಡಾರ. ಒಂದು ಕಾಲಕ್ಕೆ ಅಲ್ಲಿ ಸಮುದ್ರವಿತ್ತು. ಸತ್ತ ತಿಮಿಂಗಿಲಗಳು ಅದರ ತಳದಲ್ಲಿ ಹೂತು ಕಲ್ಲಾಗಿ ಇಂದು ಮರಳ ಮೇಲೆ ಎದ್ದು ಕಾಣುತ್ತಿವೆ. 2008ರಲ್ಲಿ ಇಕಾದಿಂದ ಸುಮಾರು 35 ಕಿಲೋಮೀಟರ್ ದೂರದಲ್ಲಿ ಒಂದು ಬೇಟೆಗಾರ ತಿಮಿಂಗಿಲದ ತಲೆಬುರುಡೆ ಸಿಕ್ಕಿತು. ಅದರ ಹಲ್ಲು 36 ಸೆಂಟಿಮೀಟರಿಗೂ ಉದ್ದ. 2010ರಲ್ಲಿ ವಿಜ್ಞಾನಿಗಳು ಅದಕ್ಕೆ ‘ಲಿವ್ಯಾಟನ್’ ಎಂದು ಹೆಸರಿಟ್ಟರು. 2023ರಲ್ಲಿ ಅದೇ ಸೀಮೆಯಿಂದ ‘ಪೆರುಸೆಟಸ್’ ಎಂಬ, 3.9 ಕೋಟಿ ವರ್ಷ ಹಳೆಯ ಇನ್ನೊಂದು ದೈತ್ಯ ತಿಮಿಂಗಿಲದ ಸುದ್ದಿ ಬಂತು. ಅದರ ಬೆನ್ನುಮೂಳೆಯ ಒಂದೊಂದು ತುಂಡೂ ನೂರು ಕಿಲೋಗೂ ಹೆಚ್ಚು ಭಾರ. ವೈದ್ಯರ ಊರಿನ ಹೊರಗೆ, ರೈತನ ಹೊಲದ ಸೀಮೆಯಲ್ಲಿ, ಸಮುದ್ರದ ನಿಜವಾದ ಅದ್ಭುತ ಬಿದ್ದುಕೊಂಡಿತ್ತು. ಇವರಿಬ್ಬರೂ ಒಂದು ಕೋಣೆಯಲ್ಲಿ ಕುಳಿತು ಸುಳ್ಳು ಡೈನೋಸಾರುಗಳ ವ್ಯಾಪಾರ ನಡೆಸುತ್ತಿದ್ದರು. ಸುಳ್ಳಿನ ದೊಡ್ಡ ನಷ್ಟ ಅದು ನಮ್ಮನ್ನು ಮೋಸಗೊಳಿಸುತ್ತದೆ ಎಂಬುದಷ್ಟೇ ಅಲ್ಲ, ಪಕ್ಕದಲ್ಲೇ ಇರುವ ನಿಜದ ಕಡೆಗೆ ಕತ್ತು ತಿರುಗಿಸಲು ಪುರುಸೊತ್ತು ಕೊಡುವುದಿಲ್ಲ ಎಂಬುದು.

ಈಗ ಪ್ರಶ್ನೆ ಇದು. ಇಲ್ಲಿ ತಪ್ಪಿತಸ್ಥ ಯಾರು? ಕೆತ್ತಿದವನೇ, ಕೊಂಡವನೇ? ಕಾನೂನು ಕೆತ್ತಿದವನನ್ನು ಹಿಡಿಯುತ್ತದೆ. ಜಗತ್ತು ಕೊಂಡವನನ್ನು ನೋಡಿ ನಗುತ್ತದೆ, ಹೆಚ್ಚೆಂದರೆ ಅಯ್ಯೋ ಪಾಪ ಎನ್ನುತ್ತದೆ. ನಾವು ಈ ತೀರ್ಪನ್ನು ಒಪ್ಪುವುದಿಲ್ಲ. ರೈತ ಕೆತ್ತಿದ್ದು ಹಸಿವಿಗಾಗಿ, ಅದೂ ಕೇಳುವವನಿದ್ದಾನೆ ಎಂಬ ಕಾರಣಕ್ಕಾಗಿ. ವೈದ್ಯರು ಮೊದಲೇ ಉತ್ತರ ಸಿದ್ಧ ಮಾಡಿಟ್ಟುಕೊಂಡು ಅದಕ್ಕೆ ತಕ್ಕ ಕಲ್ಲಿಗಾಗಿ ಬಾಗಿಲಲ್ಲಿ ಕಾಯುತ್ತಿದ್ದರು. ಒಂದು ಕಲ್ಲು ಸಾಲದೆ ಸಾವಿರ, ಸಾವಿರ ಸಾಲದೆ ಹತ್ತು ಸಾವಿರ. ಇಷ್ಟು ಕಲ್ಲುಗಳು ಎಲ್ಲಿಂದ ಬರುತ್ತಿವೆ, ನನ್ನನ್ನೂ ಆ ಜಾಗಕ್ಕೆ ಕರೆದುಕೊಂಡು ಹೋಗು, ಮಣ್ಣಿನೊಳಗಿಂದ ನಾನೇ ಒಂದನ್ನು ತೆಗೆಯುತ್ತೇನೆ ಎಂದು ಹಟ ಹಿಡಿಯಬಹುದಿತ್ತು. ಓದಿದವರಿಗೆ ಅಷ್ಟು ತಿಳಿಯದ್ದೇನಲ್ಲ. ಹಾಗೆಂದು ರೈತನನ್ನು ಪೂರ್ತಿ ಖುಲಾಸೆ ಮಾಡಿದರೆ ಬಡವನಿಗೆ ಸತ್ಯದ ಹೊಣೆಯೇ ಇಲ್ಲ ಎಂದಂತಾಗುತ್ತದೆ. ಅದು ಬಡವನಿಗೆ ಮಾಡುವ ಅವಮಾನ. ಆತ ಸತ್ಯ ಹೇಳಲು ತಡ ಮಾಡಿದ, ಆದರೆ ಹೇಳಿದ. ವೈದ್ಯರು ಅದನ್ನು ಕೇಳಿಸಿಕೊಳ್ಳಲಿಲ್ಲ.

ಇದು ಹೊಸ ಕಾಯಿಲೆಯೂ ಅಲ್ಲ. 1725ರಲ್ಲಿ ಜರ್ಮನಿಯ ವ್ಯೂರ್ಟ್ಸ್‌ಬುರ್ಗ್ ನಗರದಲ್ಲಿ ಯೋಹಾನ್ ಬೆರಿಂಗರ್ ಎಂಬ ಪ್ರಾಧ್ಯಾಪಕರಿದ್ದರು. ಅವರೂ ವೈದ್ಯರೇ. ಮೂವರು ಹುಡುಗರು ಹತ್ತಿರದ ಗುಡ್ಡದಿಂದ ಅವರಿಗೆ ವಿಚಿತ್ರ ಕಲ್ಲುಗಳನ್ನು ತಂದುಕೊಡತೊಡಗಿದರು. ಕಲ್ಲಿನಲ್ಲಿ ಕಪ್ಪೆ, ಬಲೆಯ ಸಮೇತ ಜೇಡ, ಹೂವಿನ ಮೇಲೆ ಕುಳಿತ ದುಂಬಿ, ಬಾಲವಿರುವ ಧೂಮಕೇತು. ಕೊನೆಗೆ ಹೀಬ್ರೂ, ಲ್ಯಾಟಿನ್ ಮತ್ತು ಅರಬಿ ಲಿಪಿಗಳಲ್ಲಿ ದೇವರ ಹೆಸರು. 1726ರಲ್ಲಿ ಬೆರಿಂಗರ್ ಚಿತ್ರಗಳ ಸಮೇತ ಲ್ಯಾಟಿನ್ ಭಾಷೆಯಲ್ಲಿ ಗ್ರಂಥವೊಂದನ್ನು ಪ್ರಕಟಿಸಿದರು. ಕೆಲವು ಕಲ್ಲುಗಳಲ್ಲಿ ಉಳಿಯ ಗುರುತಿನಂಥದ್ದು ಕಾಣುತ್ತದೆ ಎಂಬುದನ್ನು ಅವರೇ ಗಮನಿಸಿದ್ದರು. ಆದರೂ ಅದು ಮನುಷ್ಯನ ಉಳಿಯಲ್ಲ ಎಂದು ವಾದಿಸಿದರು. ಇವೆಲ್ಲ ಖೊಟ್ಟಿ ಎಂಬ ಸುದ್ದಿ ಪುಸ್ತಕ ಬರುವ ಮೊದಲೇ ಕಿವಿಗೆ ಬಿದ್ದಿತ್ತು. ಅದು ಹೊಟ್ಟೆಕಿಚ್ಚಿನವರ ಮಾತೆಂದು ತಳ್ಳಿಹಾಕಲು ಪುಸ್ತಕದಲ್ಲಿ ಒಂದು ಅಧ್ಯಾಯವನ್ನೇ ಬರೆದರು. ವಿಚಾರಣೆಯಲ್ಲಿ ಹೊರಬಿದ್ದದ್ದೇನೆಂದರೆ, ಈ ಕುತಂತ್ರದ ಹಿಂದೆ ಇದ್ದವರು ಅದೇ ನಗರದ ಇಬ್ಬರು ವಿದ್ವಾಂಸರು: ರೋಡರಿಕ್ ಎಂಬ ಪ್ರಾಧ್ಯಾಪಕ ಮತ್ತು ಎಕ್‌ಹಾರ್ಟ್ ಎಂಬ ಗ್ರಂಥಪಾಲಕ. ಬೆರಿಂಗರ್ ಅವರ ಅಹಂಕಾರ ಸಹಿಸಲಾಗದೆ ಹೀಗೆ ಮಾಡಿದ್ದಂತೆ. ಇಲ್ಲಿ ಹಸಿವಿನ ನೆಪವೂ ಇಲ್ಲ. ದೇವರ ಹೆಸರನ್ನು ಕೆತ್ತಿದ್ದು ದೇವರ ಮೇಲಿನ ಭಕ್ತಿಯಿಂದಲ್ಲ, ಒಬ್ಬ ಸಹೋದ್ಯೋಗಿಯನ್ನು ಹಾಳುಮಾಡುವ ಆಸೆಯಿಂದ.

ಅರಬಿ ಲಿಪಿಯ ಮಾತು ಬಂತು. ಬದನೆಕಾಯಿ ಸೀಳಿದಾಗ ಅಲ್ಲಾಹನ ಹೆಸರು ಕಂಡಿತು, ಮೀನಿನ ಮೈಮೇಲೆ ಕಲಿಮಾ ಕಂಡಿತು ಎಂಬ ಸುದ್ದಿಗಳು ನಮ್ಮ ಮೊಹಲ್ಲಾಗಳಲ್ಲಿ ಆಗಾಗ ಹುಟ್ಟುತ್ತವೆ, ಸಾಯುತ್ತವೆ. ಅವು ಹೆಚ್ಚು ಹಾನಿ ಮಾಡುವುದಿಲ್ಲ, ಬದನೆಕಾಯಿ ಎರಡು ದಿನಕ್ಕೆ ಕೊಳೆಯುತ್ತದೆ. ಆದರೆ ಮೂಳೆ, ಕಲ್ಲುಗಳ ಸುದ್ದಿ ಹಾಗಲ್ಲ. 2004ರ ಆಸುಪಾಸಿನಲ್ಲಿ ಒಂದು ಚಿತ್ರ ಇ-ಮೇಲ್‌ಗಳ ಮೂಲಕ ಲೋಕವೆಲ್ಲ ಸುತ್ತಾಡಿತು. ಮರಳಿನ ಹೊಂಡದಲ್ಲಿ ರಾಕ್ಷಸಾಕಾರದ ಮನುಷ್ಯ ಅಸ್ಥಿಪಂಜರ, ಅದರ ತಲೆಬುರುಡೆಯ ಬಳಿ ಇರುವೆಯಂತೆ ಕಾಣುವ ಕೆಲಸಗಾರರು. ಸೌದಿ ಅರೇಬಿಯಾದ ಮರುಭೂಮಿಯಲ್ಲಿ ತೈಲ ಹುಡುಕುವಾಗ ಸಿಕ್ಕಿದ್ದು, ಹೂದ್ (ಅ) ಅವರನ್ನು ಧಿಕ್ಕರಿಸಿ ನಾಶವಾದ ಆದ್ ಜನಾಂಗದ ದೇಹವಿದು ಎಂಬ ವಿವರಣೆ. ನಾವು ಅದನ್ನು ಸುಬ್‌ಹಾನಲ್ಲಾಹ್ ಎಂದು ಒಬ್ಬರಿಗೊಬ್ಬರು ಕಳಿಸಿಕೊಂಡೆವು. 2007ರಲ್ಲಿ ಅದೇ ಅಸ್ಥಿಪಂಜರ ಮುಂಬೈನ ಒಂದು ಮಾಸಿಕದಲ್ಲಿ ಭೀಮನ ಮಗ ಘಟೋತ್ಕಚನ ಕುಲದವನಾಗಿ ಉತ್ತರ ಭಾರತದಲ್ಲಿ ಪತ್ತೆಯಾಯಿತು! ಅಸಲಿಗೆ ಅದು 2000ದಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದವರು ಮಾಸ್ಟಡಾನ್ ಎಂಬ ಆನೆಯಂಥ ಪ್ರಾಣಿಯ ಮೂಳೆ ಅಗೆಯುತ್ತಿದ್ದ ಚಿತ್ರ. ಕೆನಡಾದ ಚಿತ್ರಕಾರನೊಬ್ಬ 2002ರಲ್ಲಿ ಚಿತ್ರ ತಿದ್ದುವ ಸ್ಪರ್ಧೆಯೊಂದಕ್ಕಾಗಿ ಅದರಲ್ಲಿ ಮನುಷ್ಯ ಅಸ್ಥಿಪಂಜರ ಕೂರಿಸಿದ್ದ. ಆತ ಯಾರನ್ನೂ ಮೋಸ ಮಾಡಲು ಹೊರಟವನಲ್ಲ. ಮುಂಬೈನ ಆ ಮಾಸಿಕದವರು ಓದುಗರು ತಿಳಿಸಿದ ಮೇಲೆ ವರದಿಯನ್ನು ಹಿಂತೆಗೆದುಕೊಂಡರು ಎಂಬುದನ್ನೂ ಇಲ್ಲಿ ಹೇಳಬೇಕು. ಅಷ್ಟು ಪ್ರಾಮಾಣಿಕತೆಯನ್ನು ಎಲ್ಲರೂ ತೋರಲಿಲ್ಲ. ಆ ಚಿತ್ರ ಹೊಸ ಹೊಸ ಹೆಸರುಗಳಲ್ಲಿ ಮರಳಿ ಬರುತ್ತಲೇ ಇತ್ತು.

ಒಂದೇ ಸುಳ್ಳು ಅಸ್ಥಿ ಎರಡು ಧರ್ಮಗಳಿಗೆ ಸಾಕ್ಷಿ ನುಡಿಯಿತು. ಕೋಮುಸೌಹಾರ್ದ ಎಂದರೆ ಇದೇ ಇರಬೇಕು! ನಗುವ ವಿಷಯವಾದರೂ ಒಳಗೆ ಒಂದು ನೋವಿದೆ. ಭೂಮಿಯ ಮೇಲೆ ಸಂಚರಿಸಿ, ಅಳಿದುಹೋದವರ ಗತಿಯನ್ನು ಕಣ್ಣಾರೆ ನೋಡುವಂತೆ ಕುರ್‌ಆನ್ ಮತ್ತೆ ಮತ್ತೆ ಕರೆಯುತ್ತದೆ. ಹೋಗಿ ನೋಡುವುದಕ್ಕೂ ಬಂದದ್ದನ್ನು ಮುಂದಕ್ಕೆ ತಳ್ಳುವುದಕ್ಕೂ ಅಜಗಜಾಂತರ. ಆದ್ ಜನಾಂಗದ ಕಥೆ ನಂಬುವವನಿಗೆ ಅಸ್ಥಿಪಂಜರದ ರುಜುವಾತು ಬೇಕೇ? ಬೇಕು ಎನಿಸಿದ ಗಳಿಗೆಯಲ್ಲೇ ನಂಬಿಕೆ ಸೊರಗಿದೆ ಎಂದರ್ಥ. ಸೊರಗಿದ ನಂಬಿಕೆಗೆ ಸುಳ್ಳು ಮೂಳೆಯ ಊರುಗೋಲು ಕೊಟ್ಟರೆ, ಊರುಗೋಲು ಮುರಿದ ದಿನ ಅದು ನೆಲಕ್ಕೆ ಬೀಳುತ್ತದೆ. ನಮ್ಮ ಹುಡುಗರು ಆಮೇಲೆ ಊರುಗೋಲನ್ನಲ್ಲ, ನಂಬಿಕೆಯನ್ನೇ ನೋಡಿ ನಗುತ್ತಾರೆ.

ಹಾಗಾದರೆ ಕಲ್ಲಿನಲ್ಲಿ ಏನನ್ನೂ ಕಾಣಲೇಬಾರದೆ? ಕಾಣಬಾರದು ಎಂದರೆ ಮನುಷ್ಯನ ಕಣ್ಣನ್ನೇ ಕೀಳಬೇಕಾಗುತ್ತದೆ. ಜಪಾನಿನಲ್ಲಿ, ಟೋಕಿಯೊದಿಂದ ವಾಯುವ್ಯಕ್ಕೆ ಎರಡು ಗಂಟೆಯ ದಾರಿಯ ಚಿಚಿಬು ಎಂಬ ಊರಿನಲ್ಲಿ ಒಂದು ಚಿಕ್ಕ ಖಾಸಗಿ ಸಂಗ್ರಹಾಲಯವಿದೆ. ಹೆಸರು ಚಿನ್ಸೆಕಿಕಾನ್, ಅಂದರೆ ವಿಚಿತ್ರ ಕಲ್ಲುಗಳ ಮನೆ. ಶೋಜೋ ಹಯಾಮ ಎಂಬವರು ಐವತ್ತು ವರ್ಷ ಕಲ್ಲುಗಳನ್ನು ಆಯ್ದು ಇದನ್ನು ಕಟ್ಟಿದರು. ಸುಮಾರು 1,700 ಕಲ್ಲುಗಳು. ಬಹುಪಾಲು ಮನುಷ್ಯನ ಮುಖವನ್ನು ಹೋಲುತ್ತವೆ. ಎರಡು ತೂತು ಕಣ್ಣುಗಳಾಗಿ, ಒಂದು ಬಿರುಕು ಬಾಯಾಗಿ, ಯಾರೋ ಅಳುತ್ತಿರುವಂತೆ, ಯಾರೋ ಆಶ್ಚರ್ಯಪಟ್ಟಂತೆ. ಹಾಡುಗಾರ ಎಲ್ವಿಸ್ ಪ್ರೆಸ್ಲಿಯನ್ನು ಹೋಲುವುದೂ ಒಂದಿದೆ. ಹಯಾಮ ಅವರದ್ದು ಒಂದೇ ಷರತ್ತು: ಕಲ್ಲಿಗೆ ಮನುಷ್ಯನ ಕೈ ತಾಗಿರಬಾರದು, ಕೆತ್ತಿದವನು ಪ್ರಕೃತಿ ಮಾತ್ರ ಆಗಿರಬೇಕು. 2010ರಲ್ಲಿ ಅವರು ತೀರಿಕೊಂಡ ಮೇಲೆ ಮಗಳು ಅದನ್ನು ನೋಡಿಕೊಂಡು ಬಂದಿದ್ದಾರೆ. ಕೆಲವು ಕಲ್ಲುಗಳಿಗೆ ನೋಡಲು ಬಂದವರೇ ಹೆಸರಿಟ್ಟದ್ದುಂಟು.

ಇಕಾ ಮತ್ತು ಚಿಚಿಬು, ಎರಡೂ ಕಡೆ ಒಬ್ಬ ಮನುಷ್ಯ, ಒಂದು ಜನ್ಮದ ಹುಚ್ಚು, ಕಲ್ಲು ತುಂಬಿದ ಕೋಣೆಗಳು. ಎರಡು ಕಡೆಯೂ ಕಲ್ಲಿನಲ್ಲಿ ಕಾಣುವುದು ನಾವು ಕಾಣಬಯಸಿದ್ದೇ. ಆದರೆ ಚಿಚಿಬುವಿನಲ್ಲಿ ಅದನ್ನು ಬಚ್ಚಿಟ್ಟಿಲ್ಲ. ಇದು ಮುಖವಲ್ಲ, ಮುಖದಂತೆ ಕಾಣುತ್ತದೆ, ಕಾಣುತ್ತಿರುವುದು ನಿಮಗೆ ಎಂಬ ಒಪ್ಪಂದ ಬಾಗಿಲಲ್ಲೇ ಆಗಿರುತ್ತದೆ. ‘ಅಂತೆ’ ಎಂಬ ಎರಡಕ್ಷರ ಅಲ್ಲಿ ಕಾವಲಿಗಿದೆ. ಇಕಾದಲ್ಲಿ ಆ ಎರಡಕ್ಷರವನ್ನು ಅಳಿಸಲಾಗಿತ್ತು. ಕಥೆ ಬರೆಯುವ ನಮ್ಮಂಥವರಿಗೂ ಈ ಎರಡಕ್ಷರದ ಬೆಲೆ ಗೊತ್ತು. ಕಥೆಯೂ ಇಲ್ಲದ್ದನ್ನು ಹೇಳುತ್ತದೆ, ಆದರೆ ಕಥೆ ಎಂದು ಹೇಳಿಯೇ ಹೇಳುತ್ತದೆ.

ಭಕ್ತಿಯ ವಿಷಯವನ್ನೂ ಇದರಿಂದ ಬೇರೆಯಾಗಿ ನೋಡಬೇಕು. ನಮ್ಮ ಉಡುಪಿಯ ಮಾಧ್ವರ ಮನೆಗಳಲ್ಲಿ ಪೂಜೆಗೊಳ್ಳುವ ಸಾಲಿಗ್ರಾಮ ನೇಪಾಳದ ಕಾಳಿ ಗಂಡಕಿ ನದಿಯಿಂದ ಬರುತ್ತದೆ. ಅದರೊಳಗಿನ ಚಕ್ರ ಅಮೊನೈಟ್ ಎಂಬ ಕಡಲಜೀವಿಯ ಸುರುಳಿ ಚಿಪ್ಪಿನ ಅಚ್ಚು. ಹಿಮಾಲಯ ಇನ್ನೂ ಎದ್ದಿರದ ಕಾಲದಲ್ಲಿ, ಹದಿನೈದು ಕೋಟಿ ವರ್ಷಗಳಷ್ಟು ಹಿಂದೆ, ಅಲ್ಲಿದ್ದ ಸಮುದ್ರದ ನಿವಾಸಿ. ಮಧ್ಯಪ್ರದೇಶದ ಧಾರ್ ಜಿಲ್ಲೆಯ ಪಾಡ್ಲ್ಯಾ ಎಂಬ ಹಳ್ಳಿಯವರು ತಲೆತಲಾಂತರದಿಂದ ‘ಕಾಕಡ್ ಭೈರವ’ ಎಂದು ಹೊಲ ಮತ್ತು ದನಗಳ ರಕ್ಷಣೆಗಾಗಿ ಪೂಜಿಸುತ್ತಿದ್ದ ದುಂಡು ಕಲ್ಲುಗಳು ಡೈನೋಸಾರ್ ಮೊಟ್ಟೆಗಳೆಂದು 2023ರಲ್ಲಿ ತಿಳಿಯಿತು. ಗುಜರಾತಿನ ರೈಯೋಲಿಯಲ್ಲಿ 1981ರಲ್ಲಿ ಇಂಥ ಮೊಟ್ಟೆಗಳ ಭಂಡಾರವೇ ಪತ್ತೆಯಾಗಿತ್ತು. ಅಲ್ಲಿ ಒಬ್ಬ ಹೆಂಗಸು ಮಸಾಲೆ ಅರೆಯುತ್ತಿದ್ದ ಗುಂಡುಕಲ್ಲು ಡೈನೋಸಾರ್ ಮೊಟ್ಟೆಯಾಗಿತ್ತು ಎಂದು, ಆ ಜಾಗದ ರಕ್ಷಣೆಗೆ ನಿಂತ ಬಾಲಾಸಿನೋರ್ ನವಾಬ ಮನೆತನದ ಆಲಿಯಾ ಸುಲ್ತಾನಾ ಬಾಬಿ ಹೇಳುತ್ತಾ ಬಂದಿದ್ದಾರೆ. ಒಂದೇ ಮೊಟ್ಟೆ ಒಂದು ಊರಲ್ಲಿ ದೇವರು, ಇನ್ನೊಂದು ಊರಲ್ಲಿ ಗುಂಡುಕಲ್ಲು, ವಿಜ್ಞಾನಿಯ ಮೇಜಿನ ಮೇಲೆ ಮೊಟ್ಟೆ. ಇವರಲ್ಲಿ ಯಾರೂ ಸುಳ್ಳು ಹೇಳಲಿಲ್ಲ. ಕೈಮುಗಿದವನು ಕಲ್ಲನ್ನು ಕೆತ್ತಿ ತಿದ್ದಲಿಲ್ಲ, ಮಸಾಲೆ ಅರೆದವಳು ಅದನ್ನು ಮತ್ತೇನೋ ಎಂದು ಮಾರಲಿಲ್ಲ.

ಕಲ್ಲಿಗೆ ಕೈಮುಗಿಯುವುದು ನಮ್ಮ ಶ್ರದ್ಧೆಗೆ ಹೊಂದುವುದಲ್ಲ. ಆದರೆ ನಾವೂ ಕಾಬಾದಲ್ಲಿ ಒಂದು ಕಲ್ಲಿಗೆ ಮುತ್ತಿಡುತ್ತೇವಲ್ಲ! ಖಲೀಫ ಉಮರ್ (ರ) ಹಜರುಲ್ ಅಸ್ವದ್‌ನ ಮುಂದೆ ನಿಂತು, ನೀನೊಂದು ಕಲ್ಲು ಮಾತ್ರ, ನಿನ್ನಿಂದ ಒಳಿತೂ ಇಲ್ಲ ಕೆಡುಕೂ ಇಲ್ಲ ಎಂದು ನನಗೆ ಗೊತ್ತು, ಪ್ರವಾದಿಯವರು ಮುತ್ತಿಟ್ಟದ್ದನ್ನು ನೋಡಿದ್ದರಿಂದ ನಾನೂ ಇಡುತ್ತಿದ್ದೇನೆ ಎಂಬ ಅರ್ಥದ ಮಾತನ್ನಾಡಿದ್ದು ಹದೀಸ್ ಸಂಗ್ರಹಗಳಲ್ಲಿ ದಾಖಲಾಗಿದೆ. ಸಾವಿರಾರು ಜನರ ಎದುರಿನಲ್ಲಿ, ಅತಿ ಪೂಜ್ಯವಾದ ಕಲ್ಲಿನ ಮುಂದೆ, ಇದು ಕಲ್ಲು ಎಂದು ಗಟ್ಟಿಯಾಗಿ ಹೇಳಿಯೂ ಮುತ್ತಿಡಬಹುದು. ಪ್ರೀತಿಗೆ ಸುಳ್ಳಿನ ಸಹಾಯ ಬೇಕಾಗಲಿಲ್ಲ.

ನಮ್ಮ ಪರಂಪರೆಯಲ್ಲಿ ಕಲ್ಲುಗಳನ್ನು ಉಮರ್ ಅವರ ಈ ಕಣ್ಣಿನಿಂದಲೇ ನೋಡಿದ ಇನ್ನೊಬ್ಬರು ಅಲ್‌ಬಿರೂನಿ. ರತ್ನಗಳ ಬಗ್ಗೆ ‘ಕಿತಾಬುಲ್ ಜಮಾಹಿರ್’ ಎಂಬ ಗ್ರಂಥ ಬರೆದವರು. ಪಚ್ಚೆ ಹರಳನ್ನು ನೋಡಿದರೆ ಹಾವಿನ ಕಣ್ಣು ಕುರುಡಾಗುತ್ತದೆ ಎಂದು ಆ ಕಾಲದ ಪಂಡಿತರೆಲ್ಲ ಬರೆದಿದ್ದರು. ಬಿರೂನಿ ಒಂದು ಹಾವಿಗೆ ಪಚ್ಚೆಯ ಹಾರ ತೊಡಿಸಿದರು, ಅದರ ಬುಟ್ಟಿಯಲ್ಲಿ ಪಚ್ಚೆ ಹರಡಿದರು, ಕಣ್ಣ ಮುಂದೆ ಪಚ್ಚೆ ತೂಗಾಡಿಸಿದರು. ಬೇಸಿಗೆ ಚಳಿಗಾಲ ಸೇರಿ ಒಂಬತ್ತು ತಿಂಗಳು. ಹಾವಿನ ಕಣ್ಣಿಗೆ ಏನೂ ಆಗಲಿಲ್ಲ. ದೃಷ್ಟಿ ಇನ್ನಷ್ಟು ಚುರುಕಾಗಿರಬಹುದು ಎಂಬ ಧಾಟಿಯಲ್ಲಿ ಅವರು ಚಟಾಕಿ ಹಾರಿಸಿದ್ದಾರೆ. ಸುಲ್ತಾನರ ಖಜಾನೆಯ ರತ್ನಗಳನ್ನು ಕಂಡವರು ಅವರು, ಪಚ್ಚೆಯನ್ನು ಹೊಗಳಿ ಬರೆದಿದ್ದರೆ ಯಾರಿಗೂ ನಷ್ಟವಿರಲಿಲ್ಲ. ಇದೇ ಬಿರೂನಿ ಸುಮಾರು 1030ರಲ್ಲಿ ಬರೆದ ತಮ್ಮ ಹಿಂದೂಸ್ತಾನದ ಗ್ರಂಥದಲ್ಲಿ, ಬೆಟ್ಟದ ಬಳಿ ನದಿಯ ಕಲ್ಲುಗಳು ದೊಡ್ಡವು, ದೂರ ಹೋದಂತೆ ಸಣ್ಣವು, ಕಡಲ ಹತ್ತಿರ ಬರೀ ಮರಳು ಎಂಬುದನ್ನು ಗಮನಿಸಿ, ಉತ್ತರದ ಈ ಬಯಲು ಒಂದು ಕಾಲಕ್ಕೆ ಸಮುದ್ರವಾಗಿದ್ದಿರಬೇಕು, ಹೊಳೆಗಳು ತಂದ ಮಣ್ಣು ಅದನ್ನು ತುಂಬಿರಬೇಕು ಎಂದು ಊಹಿಸಿದರು. ಕಲ್ಲಿನ ಮುಂದೆ ತಮ್ಮ ಉತ್ತರವನ್ನು ಒಯ್ಯದೆ ಪ್ರಶ್ನೆಯನ್ನು ಮಾತ್ರ ಒಯ್ದವರು ಹೀಗೆ ಕಾಣುತ್ತಾರೆ.

ಇನ್ನೂ ಒಂದು ಬಗೆಯ ಮೋಸವಿದೆ, ಅದರಲ್ಲಿ ಕಲ್ಲನ್ನು ಮುಟ್ಟುವ ಅಗತ್ಯವೇ ಇಲ್ಲ. ಚಂಡೀಗಢದ ಪಂಜಾಬ್ ವಿಶ್ವವಿದ್ಯಾಲಯದ ವಿ. ಜೆ. ಗುಪ್ತಾ ಎಂಬ ಭೂವಿಜ್ಞಾನಿ ಎರಡು ದಶಕಕ್ಕೂ ಹೆಚ್ಚು ಕಾಲ ಹಿಮಾಲಯದಲ್ಲಿ ಸಿಕ್ಕ ಪಳೆಯುಳಿಕೆಗಳೆಂದು ಲೇಖನಗಳ ಮೇಲೆ ಲೇಖನ ಪ್ರಕಟಿಸಿದರು. 1989ರಲ್ಲಿ ಆಸ್ಟ್ರೇಲಿಯಾದ ಜಾನ್ ಟ್ಯಾಲೆಂಟ್ ‘ನೇಚರ್’ ಪತ್ರಿಕೆಯಲ್ಲಿ ಅದನ್ನು ಬಯಲಿಗೆಳೆದರು. ಹಿಮಾಲಯದ್ದೆಂದು ತೋರಿಸಿದ ಕೆಲವು ಅಮೊನೈಟ್ ಜಾತಿಯ ಪಳೆಯುಳಿಕೆಗಳು ಮೊರಾಕೊದ ಎರ್‌ಫೂದ್ ಕಡೆಯವು. ಅಂಥವು ಪ್ಯಾರಿಸ್ಸಿನ ಅಂಗಡಿಗಳಲ್ಲಿ ಕಾಸಿಗೆ ಸಿಗುತ್ತಿದ್ದವು. ಇಲ್ಲಿ ಕಲ್ಲು ಪೂರ್ತಿ ನಿಜ, ಸುಳ್ಳು ಇರುವುದು ಅದರ ಪಕ್ಕದ ಚೀಟಿಯಲ್ಲಿ. ಎಲ್ಲಿ ಸಿಕ್ಕಿತು ಎಂಬುದನ್ನು ಕಳೆದುಕೊಂಡ ಪಳೆಯುಳಿಕೆ ಅಪ್ಪ ಅಮ್ಮ ಯಾರೆಂದು ಗೊತ್ತಿಲ್ಲದ ಮಗುವಿನಂತೆ, ಅದಕ್ಕೆ ಯಾರು ಬೇಕಾದರೂ ಏನು ಹೆಸರು ಬೇಕಾದರೂ ಇಡಬಹುದು. ಜೊತೆಗೆ ಸಹಿ ಹಾಕಿದ ದೇಶವಿದೇಶಗಳ ಸಹಲೇಖಕರಲ್ಲಿ ಹೆಚ್ಚಿನವರು ಆ ಜಾಗಕ್ಕೆ ಹೋಗಿಯೇ ಇರಲಿಲ್ಲ. ಒಕುಕಾಹೆಯ ರೈತನಾದರೂ ಒಂದು ದಿನ ಉಳಿ ಹಿಡಿದು ನಿಜ ತೋರಿಸಿದ. ವಿದ್ವಾಂಸರು ಅಷ್ಟನ್ನೂ ಮಾಡಲಿಲ್ಲ.

ಒಮ್ಮೆ ಪ್ರವಾದಿಯವರು (ಸ) ಒರಗಿ ಕುಳಿತು ಮಹಾಪಾಪಗಳ ಬಗ್ಗೆ ಹೇಳುತ್ತಿದ್ದರಂತೆ. ದೇವರಿಗೆ ಸಹಭಾಗಿಗಳನ್ನು ಕಲ್ಪಿಸುವುದು, ಹೆತ್ತವರನ್ನು ನೋಯಿಸುವುದು ಎಂದು ಹೇಳಿ, ಸುಳ್ಳು ಸಾಕ್ಷಿಯ ಮಾತಿಗೆ ಬಂದಾಗ ನೆಟ್ಟಗೆ ಕುಳಿತರು. ಅದನ್ನೇ ಎಷ್ಟು ಸಲ ಹೇಳಿದರೆಂದರೆ, ಇನ್ನು ನಿಲ್ಲಿಸಿದರೆ ಸಾಕಿತ್ತು ಎಂದು ಸಹಾಬಿಗಳಿಗೆ ಅನ್ನಿಸಿತಂತೆ. ಸುಳ್ಳು ಸಾಕ್ಷಿ ಹೇಳುವವನಿಗೆ ಈ ಎಚ್ಚರಿಕೆ. ಮಾತಾಡಲು ಬಾರದ ಸಾಕ್ಷಿಯನ್ನು ಹಿಡಿದು ತಂದು, ತನ್ನ ಮಾತನ್ನು ಅದರ ಬಾಯಲ್ಲಿಟ್ಟವನ ಗತಿಯೇನು? ಮನುಷ್ಯ ಸಾಕ್ಷಿ ಪಾಟೀಸವಾಲಿನಲ್ಲಿ ತಡವರಿಸಬಹುದು, ಮುಖ ಕೆಂಪಾಗಬಹುದು, ಒಂದು ದಿನ ಮನಸ್ಸು ಬದಲಿಸಬಹುದು. ಕಲ್ಲಿಗೆ ಆ ಅವಕಾಶವೂ ಇಲ್ಲ.

ನಮ್ಮ ದೇಶದಲ್ಲಿ ಕಲ್ಲುಗಳನ್ನು ಕಟಕಟೆಗೆ ಎಳೆದದ್ದು ಇತ್ತೀಚಿನದಲ್ಲ. ಶಾಸನತಜ್ಞರು ಖೊಟ್ಟಿ ದಾನಪತ್ರಗಳಿಗೆ ‘ಕೂಟಶಾಸನ’ ಎನ್ನುತ್ತಾರೆ. ಭೂಮಿಯ ಮೇಲೆ ಹಕ್ಕು ಸಾಧಿಸಲು ಹಳೆಯ ರಾಜನ ಹೆಸರಿನಲ್ಲಿ ಹೊಸದಾಗಿ ಬರೆಸಿಕೊಂಡವು. ಗಂಗರ ತಾಮ್ರಪಟಗಳಲ್ಲಿ ಹಲವು ಇಂಥವೇ ಎಂದು ಜೆ. ಎಫ್. ಫ್ಲೀಟ್ ವಾದಿಸಿದರು, ಬಿ. ಎಲ್. ರೈಸ್ ಒಪ್ಪಲಿಲ್ಲ. ಅದು ವಿದ್ವಾಂಸರ ಜಗಳವಾಗಿ ಉಳಿಯಿತು, ಯಾರ ಮನೆಗೂ ಬೆಂಕಿ ಬೀಳಲಿಲ್ಲ. ನಮ್ಮ ಕಾಲ ಅಷ್ಟು ಪುಣ್ಯ ಮಾಡಿಲ್ಲ. 2003ರಲ್ಲಿ ಅಲಹಾಬಾದ್ ಹೈಕೋರ್ಟಿನ ಆದೇಶದಂತೆ ಅಯೋಧ್ಯೆಯಲ್ಲಿ ಉತ್ಖನನ ನಡೆಯಿತು. ಒಂದೇ ಇಟ್ಟಿಗೆ ಚೂರುಗಳ ಗುಂಪು ಪುರಾತತ್ವ ಇಲಾಖೆಗೆ ಕಂಬದ ಬುನಾದಿಯಾಗಿ ಕಂಡಿತು, ಎದುರು ಪಕ್ಷದ ಪರಿಣತರಿಗೆ ಬರೀ ಇಟ್ಟಿಗೆ ಚೂರುಗಳಾಗಿ ಕಂಡಿತು. 2019ರ ನವೆಂಬರ್ 9ರಂದು ಸುಪ್ರೀಂ ಕೋರ್ಟು ಜಾಗವನ್ನು ಮಂದಿರಕ್ಕೆ ಕೊಟ್ಟಿತು. ಆದರೆ ನೆಲದ ಒಡೆತನವನ್ನು ಪುರಾತತ್ವದ ಆಧಾರದಿಂದ ನಿರ್ಣಯಿಸಲು ಬಾರದು ಎಂಬ ಮಾತನ್ನೂ ಅದೇ ತೀರ್ಪಿನಲ್ಲಿ ಬರೆಯಿತು. ಆ ವಾಕ್ಯ ಚೌಕದ ಭಾಷಣಗಳಲ್ಲಿ ಎಲ್ಲೂ ಕೇಳಿಬರಲಿಲ್ಲ. ಗುದ್ದಲಿ ಹಿಡಿಯುವ ಮೊದಲೇ ಏನು ಸಿಗಬೇಕೆಂದು ಗೊತ್ತಿರುವವರು ಎಲ್ಲ ಪಕ್ಷಗಳಲ್ಲಿದ್ದಾರೆ. ನಮ್ಮಲ್ಲೂ ಇದ್ದಾರೆ. ಇಕಾದ ವೈದ್ಯರಿಂದ ಯಾರ ಮನೆಯೂ ಉರಿಯಲಿಲ್ಲ ಎಂಬುದಷ್ಟೇ ವ್ಯತ್ಯಾಸ.

ಇಷ್ಟಾದ ಮೇಲೆ ಆ ಸುಳ್ಳು ಕಲ್ಲುಗಳನ್ನು ಏನು ಮಾಡಬೇಕು? ಒಡೆದು ರಸ್ತೆಗೆ ಹಾಕಬೇಕು ಎನ್ನುವವರಿದ್ದಾರೆ. ಬೆರಿಂಗರ್ ಅವರ ಕಲ್ಲುಗಳಿಗೆ ಹಾಗಾಗಲಿಲ್ಲ. ಅವುಗಳಲ್ಲಿ ಕೆಲವು ಇಂದೂ ಇಂಗ್ಲೆಂಡಿನ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಸಂಗ್ರಹಾಲಯದಲ್ಲಿ, ನೆದರ್ಲೆಂಡ್ಸಿನ ಹಾರ್ಲೆಮ್ ನಗರದ ಟೇಲರ್ಸ್ ಸಂಗ್ರಹಾಲಯದಲ್ಲಿ ಇವೆ. ಕಲ್ಲು ಅದೇ, ಕಪ್ಪೆ ಅದೇ, ಜೇಡ ಅದೇ, ಪಕ್ಕದ ಚೀಟಿ ಮಾತ್ರ ಬೇರೆ. ಈಗ ಅವು ದೇವರ ಕೈಚಳಕದ ಸಾಕ್ಷಿಗಳಲ್ಲ, ಮನುಷ್ಯನ ಕೈಚಳಕದ ಸಾಕ್ಷಿಗಳು, ಮತ್ತು ಆ ಕೆಲಸವನ್ನು ಪ್ರಾಮಾಣಿಕವಾಗಿ ಮಾಡುತ್ತಿವೆ. ಇಕಾದ ಹನ್ನೊಂದು ಸಾವಿರ ಕಲ್ಲುಗಳಿಗೂ ಯಾರಾದರೂ ಕುಳಿತು ಹೊಸ ಚೀಟಿ ಬರೆಯಬಹುದು. ಅವುಗಳಲ್ಲಿ ಯಾವ ಯಾವುದು ತನ್ನ ಕೈಯಿಂದ ಆದದ್ದೆಂದು ಉಸ್ಚುಯ ಹೇಳಿದ್ದನೋ ಅವುಗಳ ಮೇಲೆ ‘ಬಸಿಲಿಯೊ ಉಸ್ಚುಯ, ಒಕುಕಾಹೆಯ ರೈತ, ಹಲ್ಲಿನ ಡಾಕ್ಟರ ಯಂತ್ರದಿಂದ ಕೆತ್ತಿದ್ದು’ ಎಂದು ಬರೆದರೆ ಸಾಕು. ಹೊಲದ ಕೆಲಸ ಮುಗಿಸಿ ಬಂದು ಅಷ್ಟೊಂದು ಡೈನೋಸಾರುಗಳನ್ನು, ಅಷ್ಟೊಂದು ಶಸ್ತ್ರಚಿಕಿತ್ಸೆಗಳನ್ನು ಕಲ್ಲಿನ ಮೇಲೆ ಬಿಡಿಸಿದವನ ಕೈಯನ್ನು ಆಗ ಮೊದಲ ಬಾರಿಗೆ ಯಾರಾದರೂ ಮೆಚ್ಚಿಕೊಂಡಾರು.